ಜಿಪ್ಸಿಯ ಆಕ್ಸಲ್ ಸೀಲ್ ಮತ್ತೆ ಮತ್ತೆ ಸೋರುತ್ತಿದ್ದರೆ: ಕಾರಣ ಹುಡುಕಿ ಸರಿಪಡಿಸುವ ಬಗೆ

ಹಿಂದಿನ ಟೈರಿನ ಒಳಮೈಯಲ್ಲಿ ಕಪ್ಪಗೆ ಜಿನುಗಿದ ಗೆರೆ, ಇಳಿಜಾರಿನಲ್ಲಿ ಹಿಡಿಯದ ಹ್ಯಾಂಡ್‌ಬ್ರೇಕ್, ಡ್ರಮ್ ಬಿಚ್ಚಿದರೆ ಎಣ್ಣೆಯಲ್ಲಿ ನೆಂದ ಬ್ರೇಕ್ ಶೂ. ಹಳೆಯ ಜಿಪ್ಸಿ ಇಟ್ಟುಕೊಂಡವರಿಗೆ ಇದು ಹೊಸ ಸಂಗತಿಯೇನಲ್ಲ. ಗ್ಯಾರೇಜಿಗೆ ಒಯ್ದರೆ ಹೊಸ ಆಯಿಲ್ ಸೀಲ್ (ಚಕ್ರಕ್ಕೆ ಹೋಗುವ ಆಕ್ಸಲ್ ಶಾಫ್ಟಿನ ಸುತ್ತ ಕೂತು ಎಣ್ಣೆ ತಡೆಯುವ ರಬ್ಬರಿನ ಬಳೆ) ಬೀಳುತ್ತದೆ, ಕೆಲವು ದಿನ ಎಲ್ಲವೂ ಒಣಗಿರುತ್ತದೆ, ಮಳೆಗಾಲದಲ್ಲಿ ಒಂದೆರಡು ಹಳ್ಳ ದಾಟುವಷ್ಟರಲ್ಲಿ ಸೋರಿಕೆ ಮತ್ತೆ ಹಾಜರು. ಆಗ ಮಾಲೀಕ ಸೀಲಿನ ಕಂಪನಿಯನ್ನು ಬೈಯುತ್ತಾನೆ, ಮೆಕ್ಯಾನಿಕ್ ಇನ್ನೊಂದು ಸೀಲ್ ತರಿಸುತ್ತಾನೆ.

ಒಮ್ಮೆ ಸೋರಿದರೆ ಸೀಲಿನ ವಯಸ್ಸಾಯಿತು ಎನ್ನಬಹುದು. ಅದೇ ಜಾಗದಲ್ಲಿ ಎರಡನೆಯ ಸಲ ಬೇಗನೆ ಸೋರಿದರೆ ಸೀಲ್ ಅಪರಾಧಿಯಲ್ಲ, ಬಲಿಪಶು. ಅದನ್ನು ಕೊಂದದ್ದು ಏನೆಂದು ಗೊತ್ತಾಗುವವರೆಗೆ ಮೂರನೆಯದನ್ನು ಕೊಳ್ಳುವುದು ದಂಡ.

ಇಲ್ಲಿ ಹೇಳುವುದೆಲ್ಲ ಮಾರುತಿ ಜಿಪ್ಸಿಯನ್ನು ಮುಂದಿಟ್ಟುಕೊಂಡು: 1985ರಲ್ಲಿ ಬಂದ ಮೊದಲ ಮಾದರಿ ಮತ್ತು 1996ರ ನಂತರದ 1.3 ಲೀಟರ್ ಎಂಜಿನ್ನಿನ ಜಿಪ್ಸಿ ಕಿಂಗ್. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಇವು ಇನ್ನೂ ಓಡುತ್ತಿವೆ. ಬೇರೆ ಫೋರ್‌ವೀಲ್ ಡ್ರೈವ್ ಗಾಡಿಗಳಿಗೂ ತರ್ಕ ಇದೇ. ನಟ್ಟು ಬೋಲ್ಟುಗಳ ಲೆಕ್ಕ ಮತ್ತು ಬಿಚ್ಚುವ ಕ್ರಮ ಮಾತ್ರ ಬೇರೆ.

ಸೋರುತ್ತಿರುವುದು ಏನು?

ಚಕ್ರದ ಒಳಗೆ ಮೂರು ದ್ರವಗಳು ಸಿಗಬಹುದು: ಡಿಫರೆನ್ಶಿಯಲ್ಲಿನ (ಆಕ್ಸಲಿನ ನಡುವಿನ ಗೇರುಗಳ) ಗೇರ್ ಆಯಿಲ್, ಬ್ರೇಕ್ ಶೂ ತಳ್ಳುವ ವೀಲ್ ಸಿಲಿಂಡರಿನ ಬ್ರೇಕ್ ಆಯಿಲ್, ಬೇರಿಂಗಿನಿಂದ ಕರಗಿ ಇಳಿದ ಗ್ರೀಸು. ಧೂಳಿನೊಂದಿಗೆ ಸೇರಿದ ಮೇಲೆ ಮೂರೂ ಒಂದೇ ಬಣ್ಣ. ಬೆರಳಿಗೆ ಸ್ವಲ್ಪ ತಾಗಿಸಿ ಮೂಸಿ. ಗೇರ್ ಆಯಿಲಿಗೆ ಗಂಧಕದ ನಾತವಿರುತ್ತದೆ, ಒಮ್ಮೆ ಮೂಸಿದವರು ಮರೆಯುವುದಿಲ್ಲ. ಸಂಶಯವಿದ್ದರೆ ಒಂದು ಲೋಟ ನೀರಿಗೆ ಒಂದು ಹನಿ ಬಿಡಿ. ಗೇರ್ ಆಯಿಲ್ ಮೇಲೆ ತೇಲುತ್ತದೆ, ಸಾಮಾನ್ಯ ಡಾಟ್ 3 ಅಥವಾ ಡಾಟ್ 4 ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತುಹೋಗುತ್ತದೆ. ವೀಲ್ ಸಿಲಿಂಡರ್ ಸೋರುತ್ತಿದ್ದಾಗ ಆಕ್ಸಲ್ ಸೀಲ್ ಬದಲಿಸಿ ಕೂಲಿ ಕೊಟ್ಟವರಿದ್ದಾರೆ.

ಬ್ರೀದರ್: ಹತ್ತು ನಿಮಿಷದ ಕೆಲಸ

ಹಿಂದಿನ ಆಕ್ಸಲ್ ಹೌಸಿಂಗಿನ (ಶಾಫ್ಟು, ಗೇರುಗಳನ್ನು ಮುಚ್ಚಿದ ಲೋಹದ ಕವಚದ) ಮೇಲ್ಭಾಗದಲ್ಲಿ ಬೆರಳ ತುದಿಯಷ್ಟು ದೊಡ್ಡ ಬ್ರೀದರ್ ಇರುತ್ತದೆ. ಮಣ್ಣು ಮೆತ್ತಿ ಅದು ಇರುವುದೇ ಕಾಣುವುದಿಲ್ಲ. ಹೌಸಿಂಗಿನ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿದಾಗ ಹೊರಗೆ ಹೋಗಲು ಇರುವ ದಾರಿ ಅದೊಂದೇ. ಅದು ಕಟ್ಟಿಕೊಂಡರೆ ಏನಾಗುತ್ತದೆ, ಲೆಕ್ಕ ಹಾಕಿ. 30 ಡಿಗ್ರಿಯಿದ್ದ ಗಾಳಿ ಓಟದಲ್ಲಿ 80 ಡಿಗ್ರಿಗೆ ಏರಿದರೆ ಮುಚ್ಚಿದ ಹೌಸಿಂಗಿನ ಒತ್ತಡ ಸುಮಾರು ಆರನೇ ಒಂದು ಪಾಲು ಏರುತ್ತದೆ, ಅಂದರೆ ಎರಡು ಪಿಎಸ್‌ಐಗೂ ತುಸು ಹೆಚ್ಚು. ಇದರ ಮೇಲೆ ಘಟ್ಟ ಹತ್ತುವ ಲೆಕ್ಕವನ್ನೂ ಸೇರಿಸಿ. ಮಂಗಳೂರಿನಿಂದ ಸಂಪಾಜೆ ಘಾಟಿಯ ಮೂಲಕ ಸಾವಿರ ಮೀಟರಿಗೂ ಎತ್ತರದ ಮಡಿಕೇರಿಗೆ ಬರುವಾಗ ಹೊರಗಿನ ವಾಯುಭಾರವೇ ಸುಮಾರು ಎಂಟನೇ ಒಂದು ಪಾಲು ಇಳಿಯುತ್ತದೆ. ಒಳಗಿನದು ಏರಿತು, ಹೊರಗಿನದು ಇಳಿಯಿತು. ಹೊಸ ಸೀಲ್ ಇದನ್ನು ಸ್ವಲ್ಪ ಕಾಲ ತಡೆದೀತು. ತುಸು ಸವೆದ ಸೀಲಿನ ತುಟಿಯನ್ನು, ಅಂದರೆ ಶಾಫ್ಟಿಗೆ ಒತ್ತಿ ಕೂರುವ ರಬ್ಬರ್ ಅಂಚನ್ನು, ಈ ಒತ್ತಡ ಎತ್ತಿ ಎಣ್ಣೆಯನ್ನು ಹೊರಗೆ ತಳ್ಳುತ್ತದೆ.

ಇನ್ನೊಂದು ತೊಂದರೆ ತಿರುಗುಮುರುಗಿನದು. ಕಾದ ಆಕ್ಸಲ್ ಹಳ್ಳದ ನೀರಿಗೆ ಇಳಿದ ಕೂಡಲೇ ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಕಟ್ಟಿಕೊಂಡಿದ್ದರೆ ಸೀಲಿನ ಸಂದಿಯಿಂದಲೇ ನೀರು, ಅದರ ಜೊತೆಗೆ ಮರಳು, ಒಳಗೆ ಹೀರಲ್ಪಡುತ್ತದೆ. ಆ ಮರಳೇ ಮುಂದೆ ಸೀಲಿನ ತುಟಿಯನ್ನೂ ಶಾಫ್ಟನ್ನೂ ಅರೆಯುವುದು. ಹಳ್ಳ ದಾಟಿದ ವಾರದಲ್ಲಿ ಸೋರಿಕೆ ಶುರುವಾಗುವುದರ ಗುಟ್ಟು ಬಹುಮಟ್ಟಿಗೆ ಇಷ್ಟೇ.

ಸುತ್ತಲಿನ ಮಣ್ಣನ್ನು ಮೊದಲು ಚೆನ್ನಾಗಿ ಒರೆಸಿ, ಇಲ್ಲದಿದ್ದರೆ ಅದು ಒಳಗೆ ಬೀಳುತ್ತದೆ. ಬ್ರೀದರ್ ಬಿಚ್ಚಿ, ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ತೊಳೆದು ಗಾಳಿ ಹೊಡೆಯಿರಿ. ಗಾಳಿ ಸಲೀಸಾಗಿ ಹೊರಹೋಗದಿದ್ದರೆ ಹೊಸದು ಹಾಕಿ. ತೋಟದ ಗಾಡಿಯಾದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವುದು ಒಳ್ಳೆಯದು: ಬ್ರೀದರ್ ಜಾಗಕ್ಕೆ ನಳಿಕೆ ಕೂರಿಸಿ, ಎಣ್ಣೆ ತಡೆಯುವ ರಬ್ಬರ್ ಪೈಪನ್ನು ಚಾಸಿಯ ಮೇಲೆ ಬಾಡಿಯ ಎತ್ತರದವರೆಗೆ ಒಯ್ಯಿರಿ. ಪೈಪು ಎಲ್ಲಿಯೂ ಜೋತು ಬೀಳಬಾರದು, ಆ ತಗ್ಗಿನಲ್ಲಿ ನೀರು ನಿಂತು ಮತ್ತೆ ದಾರಿ ಕಟ್ಟುತ್ತದೆ. ಆಕ್ಸಲ್ ಮೇಲೆ ಕೆಳಗೆ ಆಡುವಾಗ ಎಳೆದು ಕಿತ್ತುಬರದಷ್ಟು ಸಡಿಲ ಬಿಡಿ. ತುದಿಗೆ ಸಣ್ಣ ಫಿಲ್ಟರ್ ಸಿಕ್ಕಿಸಿ ಕೆಳಮುಖ ಮಾಡಿ.

ಸೀಲ್ ಹೊಸದಾಗಿದ್ದೂ ಸೋರುತ್ತಿದ್ದರೆ, ಬ್ರೀದರ್ ಸರಿಮಾಡಿ, ಎಲ್ಲವನ್ನೂ ಒರೆಸಿ, ನೂರಿನ್ನೂರು ಕಿಲೋಮೀಟರ್ ಓಡಿಸಿ ನೋಡಿ. ಸೋರಿಕೆ ನಿಂತರೆ ಮುಂದಿನದನ್ನು ಓದುವ ಅಗತ್ಯವಿಲ್ಲ. ಆದರೆ ಶೂಗಳಿಗೆ ಎಣ್ಣೆ ತಾಗಿದ್ದರೆ ಈ ಪರೀಕ್ಷೆಗೂ ಮೊದಲು ಬ್ರೇಕ್ ಸರಿಪಡಿಸಿಕೊಳ್ಳಿ.

ಎಣ್ಣೆಯ ಮಟ್ಟ, ಗಾಡಿ ನಿಲ್ಲುವ ಜಾಗ

ಸಮತಟ್ಟಾದ ನೆಲ, ತಣ್ಣಗಿರುವ ಗಾಡಿ. ತುಂಬುವ ಪ್ಲಗ್ ಬಿಚ್ಚಿದಾಗ ಎಣ್ಣೆ ರಂಧ್ರದ ಕೆಳ ಅಂಚಿಗೆ ಬಂದಿರಬೇಕು. ಹೊರಗೆ ಹರಿದರೆ ಯಾರೋ ‘ಸೋರುತ್ತದಲ್ಲ, ಸ್ವಲ್ಪ ಹೆಚ್ಚೇ ಇರಲಿ’ ಎಂದು ಸುರಿದಿದ್ದಾರೆ ಎಂದರ್ಥ. ಹೆಚ್ಚಾದ ಎಣ್ಣೆ ಶಾಫ್ಟಿನ ಗುಂಟ ಹರಿದು ಸೀಲಿನ ಬಳಿ ಮಡುಗಟ್ಟುತ್ತದೆ, ಸೋರಿಕೆ ಇನ್ನಷ್ಟು ಜೋರಾಗುತ್ತದೆ. ಎಣ್ಣೆ ಹಾಲುಬಿಳುಪಾಗಿದ್ದರೆ ನೀರು ಸೇರಿದೆ. ಪೂರ್ತಿ ಬಸಿದು ಹೊಸದು ತುಂಬಿ. ಡಿಫರೆನ್ಶಿಯಲ್ಲಿನ ಹೈಪಾಯ್ಡ್ ಗೇರಿಗೆ ಬೇಕಾದದ್ದು ಜಿಎಲ್-5 ದರ್ಜೆಯ 80ಡಬ್ಲ್ಯು-90. ಅಂಗಡಿಯವನು ‘90 ನಂಬರ್’ ಎಂದು ಕೊಡುವ ಡಬ್ಬಿಯ ಮೇಲೆ ಜಿಎಲ್-5 ಎಂದು ಬರೆದಿದೆಯೇ ನೋಡಿ. ಬಸಿಯುವ ಪ್ಲಗ್ ಬಿಚ್ಚುವ ಮುನ್ನ ತುಂಬುವ ಪ್ಲಗ್ ತಿರುಗುತ್ತದೆಯೇ ಖಚಿತಪಡಿಸಿಕೊಳ್ಳಿ. ಎಣ್ಣೆಯೆಲ್ಲ ಬಸಿದ ಮೇಲೆ ಅದು ಅಲ್ಲಾಡದಿದ್ದರೆ ಗಾಡಿ ಅಲ್ಲೇ ಕೂರುತ್ತದೆ.

ಯಾವಾಗಲೂ ಒಂದೇ ಬದಿ ಸೋರುವ ಗಾಡಿಗಳಿಗೆ ಒಂದು ಪ್ರಶ್ನೆ: ರಾತ್ರಿ ಎಲ್ಲಿ ನಿಲ್ಲುತ್ತದೆ? ಮಲೆನಾಡಿನ ಮನೆಯಂಗಳಗಳಲ್ಲಿ ಸಮತಟ್ಟು ಜಾಗ ಅಪರೂಪ. ಅಡ್ಡ ಇಳಿಜಾರಿನಲ್ಲಿ ನಿಂತ ಗಾಡಿಯ ಕೆಳಬದಿಯ ಸೀಲ್ ರಾತ್ರಿಯಿಡೀ ಎಣ್ಣೆಯಲ್ಲಿ ಮುಳುಗಿರುತ್ತದೆ. ಒಳ್ಳೆಯ ಸೀಲಿಗೆ ಅದರಿಂದ ತೊಂದರೆಯಿಲ್ಲ, ಅರೆಬರೆ ಸೀಲಿನ ಬಂಡವಾಳ ಮಾತ್ರ ಬೆಳಗಾಗುವಷ್ಟರಲ್ಲಿ ಬಯಲಾಗುತ್ತದೆ.

ಶಾಫ್ಟ್ ಹೊರತೆಗೆಯುವುದು

ಮುಂದಿನ ಚಕ್ರಗಳಿಗೆ ಎರಡೂ ಬದಿ ಅಡ್ಡಗಲ್ಲು ಕೊಡಿ, ಗೇರಿನಲ್ಲಿ ಬಿಡಿ. ಹ್ಯಾಂಡ್‌ಬ್ರೇಕ್ ಇರುವುದೇ ನೀವು ಬಿಚ್ಚಲಿರುವ ಚಕ್ರಗಳಲ್ಲಿ, ಅದನ್ನು ನಂಬುವಂತಿಲ್ಲ. ಜಾಕಿಯಿಂದ ಎತ್ತಿದ ಮೇಲೆ ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕಿಯ ಮೇಲಿರುವ ಗಾಡಿಯಡಿ ಕೈ ಹಾಕುವುದು ಬೇಡ, ಇಟ್ಟಿಗೆಯಂತೂ ಬೇಡವೇ ಬೇಡ.

ಚಕ್ರ ಬಿಚ್ಚುವ ಮುನ್ನವೇ ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಟಕಟ ಎಂದರೆ ಬೇರಿಂಗ್ ಸವೆದಿದೆ. ಬೇರಿಂಗಿನಲ್ಲಿ ಆಟವಿದ್ದರೆ ಶಾಫ್ಟ್ ಸೀಲಿನೊಳಗೆ ಕುಣಿಯುತ್ತದೆ, ಆಗ ಎಷ್ಟೇ ದುಬಾರಿ ಸೀಲ್ ಹಾಕಿದರೂ ಪ್ರಯೋಜನವಿಲ್ಲ. ಅಗಲ ಟೈರು, ಹೊರಚಾಚಿದ ವೀಲ್ ಡಿಸ್ಕು (ರಿಮ್ಮು), ಸ್ಪೇಸರ್ ಹಾಕಿದ ಗಾಡಿಗಳಲ್ಲಿ ಇದು ಬೇಗ ಬರುತ್ತದೆ. ಚಕ್ರ ಹೊರಕ್ಕೆ ಸರಿದಷ್ಟೂ ಬೇರಿಂಗಿನ ಮೇಲೆ ಹೊರೆ ಹೆಚ್ಚು. ನೋಟಕ್ಕೆ ಚೆನ್ನ, ಬೇರಿಂಗಿಗೆ ಅಲ್ಲ.

ಎಣ್ಣೆ ಬಸಿದು ಡ್ರಮ್ ತೆಗೆಯಿರಿ. ಅಂಟಿಕೊಂಡಿದ್ದರೆ ಡ್ರಮ್ಮಿನ ಮುಖದಲ್ಲಿರುವ ಮರೆ (ತಿರುಪಿನ ಗೆರೆ) ಕೊರೆದ ರಂಧ್ರಗಳಿಗೆ 8 ಎಂಎಂ ಬೋಲ್ಟ್ ಹಾಕಿ ಎರಡನ್ನೂ ಸಮವಾಗಿ ಬಿಗಿದರೆ ಡ್ರಮ್ ತಾನೇ ಎದ್ದುಬರುತ್ತದೆ. ಒಳಗಿನ ಧೂಳನ್ನು ಗಾಳಿಯಲ್ಲಿ ಊದಬೇಡಿ, ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರಬಹುದು; ಒದ್ದೆ ಬಟ್ಟೆಯಿಂದ ಒರೆಸಿ. ಬ್ರೇಕ್ ಪೈಪ್ ಮತ್ತು ಹ್ಯಾಂಡ್‌ಬ್ರೇಕ್ ಕೇಬಲ್ ಬಿಡಿಸಿ ಪೈಪಿನ ಬಾಯಿ ಮುಚ್ಚಿ. ಬ್ರೇಕ್ ಶೂಗಳನ್ನು ಹೊತ್ತ ಬ್ಯಾಕ್ ಪ್ಲೇಟನ್ನು ಹೌಸಿಂಗಿಗೆ ಹಿಡಿದಿರುವ ನಾಲ್ಕು ನಟ್ಟುಗಳನ್ನು ತೆಗೆದರೆ ಶಾಫ್ಟ್, ಬೇರಿಂಗ್, ಬ್ಯಾಕ್ ಪ್ಲೇಟ್ ಒಟ್ಟಿಗೇ ಹೊರಬರುತ್ತವೆ. ಸ್ಲೈಡ್ ಹ್ಯಾಮರ್ ಇದ್ದರೆ ಸಲೀಸು. ಇಲ್ಲದಿದ್ದರೆ ಡ್ರಮ್ಮನ್ನು ತಿರುವಿ ಸ್ಟಡ್ಡುಗಳಿಗೆ ಸಿಕ್ಕಿಸಿ, ನಟ್ಟುಗಳನ್ನು ತುದಿಯಲ್ಲಿ ನಾಲ್ಕೈದು ಸುತ್ತು ಮಾತ್ರ ಹಾಕಿ, ಡ್ರಮ್ಮನ್ನು ನಿಮ್ಮತ್ತ ರಭಸವಾಗಿ ಎಳೆಯಿರಿ. ಡ್ರಮ್ಮಿನ ತೂಕವೇ ಸುತ್ತಿಗೆಯ ಕೆಲಸ ಮಾಡುತ್ತದೆ. ಶಾಫ್ಟ್ ಸಡಿಲವಾದ ಮೇಲೆ ಕೆಳಗಿನಿಂದ ಕೈಕೊಟ್ಟು ನೇರವಾಗಿ ತೆಗೆಯಿರಿ.

ಹಳೆಯ ಸೀಲ್ ಏನು ಹೇಳುತ್ತದೆ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಮುಖ್ಯವಾದ ಹಂತ ಇದು. ಬಹುತೇಕ ಗ್ಯಾರೇಜುಗಳಲ್ಲಿ ಹಳೆಯ ಸೀಲನ್ನು ಉಳಿಯಿಂದ ಎಬ್ಬಿಸಿ ಮೂಲೆಗೆ ಎಸೆಯುತ್ತಾರೆ. ಅದರೊಂದಿಗೆ ಸಾಕ್ಷ್ಯವೂ ಹೋಗುತ್ತದೆ.

ಕೀಳುವ ಮೊದಲು ಸೀಲಿನ ಮುಖದ ಮೇಲೆ, ಮೇಲ್ತುದಿಯಲ್ಲಿ ಬಣ್ಣದ ಒಂದು ಚುಕ್ಕೆ ಇಡಿ. ಹೌಸಿಂಗಿನ ಅಂಚಿನಿಂದ ಸೀಲ್ ಎಷ್ಟು ಒಳಗಿದೆ ಎಂದು ವರ್ನಿಯರಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ತೆಗೆದ ಮೇಲೆ ಒರೆಸಿ, ಬೆಳಕಿನಲ್ಲಿ ತುಟಿಯನ್ನು ಬೆರಳಿನಿಂದ ಬಿಡಿಸುತ್ತ ಸುತ್ತಲೂ ನೋಡಿ. ಶಾಫ್ಟ್ ಉಜ್ಜಿದ ಜಾಗ ಹೊಳೆಯುವ ಪಟ್ಟಿಯಾಗಿ ಕಾಣುತ್ತದೆ.

ಆ ಪಟ್ಟಿ ಒಂದು ಬದಿಯಲ್ಲಿ ಅಗಲ, ಎದುರು ಬದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಇದ್ದರೆ ಶಾಫ್ಟ್ ಸೀಲಿನ ನಟ್ಟನಡುವೆ ಕೂತಿಲ್ಲ. ಹೌಸಿಂಗ್ ಬಾಗಿರಬಹುದು, ಇಲ್ಲವೇ ಬೇರಿಂಗ್ ಸವೆದು ಶಾಫ್ಟ್ ಒಂದೇ ಕಡೆ ಒತ್ತುತ್ತಿರಬಹುದು. ಬಣ್ಣದ ಚುಕ್ಕೆ ಈಗ ಉಪಯೋಗಕ್ಕೆ ಬರುತ್ತದೆ: ಸವೆತ ಯಾವ ದಿಕ್ಕಿಗಿತ್ತು ಎಂದು ಗೊತ್ತಾಗುತ್ತದೆ. ಪಟ್ಟಿ ಸುತ್ತಲೂ ಸಮವಾಗಿದ್ದು ಅತಿ ಅಗಲವಾಗಿದ್ದರೆ ತಪ್ಪು ಹೌಸಿಂಗಿನದಲ್ಲ, ಶಾಫ್ಟೇ ಡೊಂಕಾಗಿ ತಿರುಗುತ್ತಿದೆ. ತುಟಿ ಒಂದೇ ಕಡೆ ಹರಿದಿದ್ದರೆ ಹಿಂದಿನ ಸಲ ಶಾಫ್ಟ್ ತೂರಿಸುವಾಗ ಅದರ ತುದಿಯ ಸ್ಪ್ಲೈನಿನ (ಗೇರಿಗೆ ಕೂಡುವ ಹಲ್ಲುಸಾಲಿನ) ಹಲ್ಲು ತಾಗಿದೆ. ಸುರುಳಿ ಸ್ಪ್ರಿಂಗು ಜಾರಿದ್ದರೆ, ಲೋಹದ ಕವಚ ಜಜ್ಜಿದ್ದರೆ, ಸುತ್ತಿಗೆಯ ನೇರ ಏಟು ಬಿದ್ದಿದೆ. ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಕಾವು ಅಥವಾ ವಯಸ್ಸು. ಸಾಮಾನ್ಯ ನೈಟ್ರೈಲ್ ರಬ್ಬರ್ ಸುಮಾರು 100 ಡಿಗ್ರಿಯ ಆಚೆಗೆ ಬಹಳ ದಿನ ಬಾಳುವುದಿಲ್ಲ. ತುಟಿ ಹೊಸದರಂತಿದ್ದು ಹೊರಸುತ್ತಿನಲ್ಲಿ ಎಣ್ಣೆಯ ಜಾಡಿದ್ದರೆ ಸೋರಿದ್ದು ಕವಚ ಮತ್ತು ಹೌಸಿಂಗಿನ ನಡುವಿನಿಂದ. ಎಲ್ಲವೂ ಚೆನ್ನಾಗಿದ್ದರೆ ಬ್ರೀದರಿಗೆ ಹಿಂತಿರುಗಿ.

ಹೌಸಿಂಗ್ ಬಾಗಿದೆಯೇ ಎಂಬ ಅನುಮಾನಕ್ಕೆ ಹೊರಗಿನಿಂದಲೂ ಒಂದು ಪರೀಕ್ಷೆಯಿದೆ. ಚಕ್ರಗಳು ಇರುವಾಗ, ಆಕ್ಸಲಿನ ಎತ್ತರದಲ್ಲಿ ಎರಡು ಹಿಂದಿನ ಟೈರುಗಳ ನಡುವಿನ ಅಂತರವನ್ನು ಮುಂದಿನ ಅಂಚಿನಲ್ಲೊಮ್ಮೆ ಹಿಂದಿನ ಅಂಚಿನಲ್ಲೊಮ್ಮೆ ಅಳೆಯಿರಿ. ನೇರವಾದ ಆಕ್ಸಲಿನಲ್ಲಿ ಎರಡೂ ಒಂದೇ ಬರಬೇಕು. ಭಾರ ಹೇರಿ ಬಾಗಿದ ಹೌಸಿಂಗಿನಲ್ಲಿ ಚಕ್ರಗಳ ತಲೆ ಒಳಕ್ಕೆ ವಾಲಿ ಟೈರಿನ ಒಳ ಅಂಚು ಬೇಗ ಸವೆಯುತ್ತದೆ. ಇದನ್ನು ಪ್ರೆಸ್ ಇರುವ ಕಡೆ ನೇರ ಮಾಡಿಸಬೇಕು, ಇಲ್ಲವೇ ಹೌಸಿಂಗ್ ಬದಲಿಸಬೇಕು. ಬೇರೆ ದಾರಿಯಿಲ್ಲ.

ಶಾಫ್ಟ್, ಬೇರಿಂಗ್, ರಿಂಗು

ಸೀಲಿನ ತುಟಿ ಉಜ್ಜುವ ಜಾಗದ ಮೇಲೆ ಉಗುರಿನ ತುದಿಯನ್ನು ಉದ್ದಕ್ಕೆ ಎಳೆಯಿರಿ. ಕೆಲವು ಗಾಡಿಗಳಲ್ಲಿ ಅದು ಶಾಫ್ಟಿನ ಮೈ, ಕೆಲವುದರಲ್ಲಿ ಬೇರಿಂಗನ್ನು ಹಿಡಿದಿಡುವ ರಿಂಗಿನ ಮೈ. ಉಗುರು ಸಿಕ್ಕಿಕೊಂಡರೆ ಅಲ್ಲಿ ತೋಡು ಬಿದ್ದಿದೆ. ಹೊಸ ಸೀಲಿನ ತುಟಿಯೂ ಅದೇ ತೋಡಿನಲ್ಲಿ ಕೂರುತ್ತದೆ. ಮತ್ತೆ ಮತ್ತೆ ಸೋರುವ ಗಾಡಿಗಳಲ್ಲಿ ಬ್ರೀದರಿನ ನಂತರ ಹೆಚ್ಚಾಗಿ ಸಿಗುವ ಕಾರಣ ಇದೇ.

ತೋಡು ರಿಂಗಿನ ಮೇಲಿದ್ದರೆ ಹೊಸ ರಿಂಗು ಹಾಕಿದರೆ ಮುಗಿಯಿತು. ಶಾಫ್ಟಿನ ಮೇಲಿದ್ದರೆ, ಅಳತೆ ಸಿಗುವುದಾದರೆ, ಎಸ್‌ಕೆಎಫ್ ಕಂಪನಿಯ ಸ್ಪೀಡಿ ಸ್ಲೀವ್‌ನಂಥ ತೆಳು ಉಕ್ಕಿನ ತೋಳನ್ನು ತೂರಿಸಬಹುದು. ಅದರ ದಪ್ಪ ಸುಮಾರು ಕಾಲು ಮಿಲಿಮೀಟರ್ ಅಷ್ಟೇ, ಆದ್ದರಿಂದ ಸೀಲಿನ ಅಳತೆ ಬದಲಿಸಬೇಕಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೋಗುವವರು ಶಾಫ್ಟಿನ ವ್ಯಾಸವನ್ನು ಅಳೆದುಕೊಂಡೇ ಹೋಗಿ, ಅಂದಾಜಿನ ಮೇಲೆ ತರಬೇಡಿ. ಹೌಸಿಂಗಿನಲ್ಲಿ ಜಾಗವಿದ್ದರೆ ಖರ್ಚಿಲ್ಲದ ಇನ್ನೊಂದು ಉಪಾಯವೂ ಇದೆ: ಸೀಲನ್ನು ಒಂದು ಮಿಲಿಮೀಟರಿನಷ್ಟು ಸರಿಸಿ ಕೂರಿಸಿದರೆ ತುಟಿ ಸವೆಯದ ಜಾಗಕ್ಕೆ ಬರುತ್ತದೆ. ಬೇರಿಂಗಿಗೆ ತಾಗದಂತೆ ಮಾತ್ರ ನೋಡಿಕೊಳ್ಳಿ.

ತುಕ್ಕಿನ ಚುಕ್ಕೆಗಳಷ್ಟೇ ಇದ್ದರೆ ನಯವಾದ ಎಮರಿ ಕಾಗದಕ್ಕೆ ಎಣ್ಣೆ ಹಚ್ಚಿ, ಶಾಫ್ಟಿನ ಸುತ್ತ ಒಂದೇ ಜಾಗದಲ್ಲಿ ಉಜ್ಜಿ. ಉದ್ದಕ್ಕೆ ಉಜ್ಜಿದರೆ ಬೀಳುವ ಗೀರುಗಳೇ ಎಣ್ಣೆಗೆ ಕಾಲುವೆ. ಲೇತಿಗೆ ಕೊಟ್ಟು ಉದ್ದಕ್ಕೆ ಸರಿಸುತ್ತ ಪಾಲಿಶ್ ಮಾಡಿಸಿದರಂತೂ ಕಣ್ಣಿಗೆ ಕಾಣದ ಸುರುಳಿ ಮರೆ ಮೂಡಿ, ಶಾಫ್ಟ್ ತಿರುಗಿದಂತೆಲ್ಲ ಎಣ್ಣೆಯನ್ನು ತಾನೇ ಹೊರಗೆ ಪಂಪು ಮಾಡಬಹುದು.

ಬೇರಿಂಗ್ ಬದಲಿಸುವುದಾದರೆ ಹಳೆಯದು ಯಾವ ಮುಖವಾಗಿ ಕೂತಿತ್ತು ಎಂದು ಮೊದಲು ಫೋಟೊ ತೆಗೆಯಿರಿ. ರಿಂಗನ್ನು ಗ್ರೈಂಡರಿನಲ್ಲಿ ಒಂದು ಕಡೆ ತೆಳುವಾಗುವವರೆಗೆ ಕೊರೆದು, ಉಳಿದದ್ದನ್ನು ಉಳಿಯಿಂದ ಒಂದೇಟಿಗೆ ಸೀಳಬೇಕು. ಗ್ರೈಂಡರಿನ ಕಲ್ಲು ಶಾಫ್ಟಿಗೆ ತಾಗಬಾರದು. ಗ್ಯಾಸ್ ಕಟರ್ ತೋರಿಸಿದರೆ ಶಾಫ್ಟಿನ ಹದವೇ ಕೆಡುತ್ತದೆ. ಬಿಚ್ಚಿದ ರಿಂಗನ್ನು ಮತ್ತೆ ಬಳಸುವಂತಿಲ್ಲ. ಹೊಸ ಬೇರಿಂಗನ್ನು ಒಳಸುತ್ತಿನ ಮೇಲೆ ಮಾತ್ರ ಒತ್ತಡ ಬೀಳುವಂತೆ ಪ್ರೆಸ್ಸಿನಲ್ಲಿ ಕೂರಿಸಿ, ಆಮೇಲೆ ರಿಂಗು. ಇದಕ್ಕೆಲ್ಲ ಮೊದಲು ಬ್ಯಾಕ್ ಪ್ಲೇಟು ಶಾಫ್ಟಿನ ಮೇಲಿರಬೇಕು. ಲೇತ್ ಅಂಗಡಿಗೆ ಬರೀ ಶಾಫ್ಟ್ ಕಳಿಸಿ, ಎಲ್ಲ ಕೂರಿಸಿಕೊಂಡು ಬಂದಾಗ ಬ್ಯಾಕ್ ಪ್ಲೇಟು ಮನೆಯಲ್ಲೇ ಉಳಿದಿದ್ದರೆ ಹೊಸ ರಿಂಗನ್ನೂ ಸೀಳಬೇಕಾಗುತ್ತದೆ.

ಹೊಸ ಸೀಲ್ ಕೂರಿಸುವುದು

ಹೌಸಿಂಗಿನ ಒಳಮೈಯನ್ನು ಎಣ್ಣೆಯಂಶ ಹೋಗುವಂತೆ ಒರೆಸಿ. ಹಿಂದಿನವರು ಸ್ಕ್ರೂಡ್ರೈವರಿನಿಂದ ಮೀಟಿದ ಗೀರುಗಳಿದ್ದರೆ ಎದ್ದ ಅಂಚನ್ನು ಸಮ ಮಾಡಿ. ಬರೀ ಲೋಹದ ಕವಚದ ಸೀಲಾದರೆ ಹೊರಸುತ್ತಿಗೆ ಗ್ಯಾಸ್ಕೆಟ್ ಪೇಸ್ಟಿನ ತೆಳುವಾದ ಲೇಪ ಸಾಕು. ರಬ್ಬರ್ ಹೊದಿಸಿದ ಸೀಲಿಗೆ ಅದೂ ಬೇಡ.

ಸ್ಪ್ರಿಂಗು ಇರುವ ತುಟಿ ಎಣ್ಣೆಯ ಕಡೆಗೆ, ಅಂದರೆ ಡಿಫರೆನ್ಶಿಯಲ್ ಕಡೆಗೆ ಮುಖ ಮಾಡಬೇಕು. ತುಟಿಗೆ ಗೇರ್ ಆಯಿಲ್ ಸವರಿ, ಎರಡು ತುಟಿಯ ಸೀಲಾದರೆ ಅವುಗಳ ನಡುವೆ ಸ್ವಲ್ಪ ಗ್ರೀಸು ತುಂಬಿ. ಒಣ ತುಟಿ ಮೊದಲ ಕಿಲೋಮೀಟರಿನಲ್ಲೇ ಸುಡುತ್ತದೆ. ಸೀಲಿನ ಹೊರವ್ಯಾಸಕ್ಕಿಂತ ಕೂದಲಷ್ಟು ಚಿಕ್ಕದಾದ ಪೈಪಿನ ತುಂಡು ಅಥವಾ ದೊಡ್ಡ ಸಾಕೆಟ್ ಇಟ್ಟು, ಸುತ್ತಲೂ ಸಮವಾಗಿ ಒಳಹೋಗುವಂತೆ ಮೆತ್ತಗೆ ಬಡಿಯಿರಿ. ಬರೆದಿಟ್ಟ ಆಳ ಸುತ್ತ ನಾಲ್ಕು ಕಡೆಯೂ ಒಂದೇ ಬಂದಿದೆಯೇ ಅಳೆಯಿರಿ.

ಶಾಫ್ಟ್ ಒಳಗೆ ಹೋಗುವಾಗ ಅವಸರ ಬೇಡ. ಸ್ಪ್ಲೈನಿಗೆ ತೆಳು ಪ್ಲಾಸ್ಟಿಕ್ ಸುತ್ತುವುದು ಒಳ್ಳೆಯ ಅಭ್ಯಾಸ, ಆದರೆ ಅದು ಒಳಗೇ ಉಳಿಯದಂತೆ ಸೀಲ್ ದಾಟಿಸುವ ಮಾರ್ಗ ಮೊದಲೇ ಯೋಚಿಸಿ. ಆಗದಿದ್ದರೆ ಹಲ್ಲುಗಳಿಗೆ ದಪ್ಪಗೆ ಗ್ರೀಸು ಹಚ್ಚಿದರೂ ನಡೆಯುತ್ತದೆ. ಇಬ್ಬರಿದ್ದರೆ ಅನುಕೂಲ: ಒಬ್ಬರು ಹೊರಗಿನ ತುದಿಯ ಭಾರ ಹೊರಬೇಕು, ಇನ್ನೊಬ್ಬರು ಶಾಫ್ಟನ್ನು ರಂಧ್ರದ ನಡುವೆ ಹಿಡಿದು ಒಳಗೆ ನಡೆಸಬೇಕು. ಶಾಫ್ಟಿನ ತೂಕ ಸೀಲಿನ ತುಟಿಯ ಮೇಲೆ ಬಿದ್ದು ಎಳೆದಾಡಿದರೆ ಗಾಡಿ ಹೊರಡುವ ಮುನ್ನವೇ ಸೀಲಿನ ಕಥೆ ಮುಗಿಯಿತು. ಸ್ಪ್ಲೈನು ಗೇರಿಗೆ ಕೂಡದಿದ್ದರೆ ಬಡಿಯದೆ ಸ್ವಲ್ಪ ತಿರುಗಿಸಿ ನೋಡಿ. ಬ್ಯಾಕ್ ಪ್ಲೇಟು ಹೌಸಿಂಗಿಗೆ ಸೇರುವ ಮುಖಕ್ಕೆ ಪೇಸ್ಟು ಹಚ್ಚಿ, ನಾಲ್ಕು ನಟ್ಟುಗಳನ್ನು ಎದುರುಬದುರಾಗಿ, ಮ್ಯಾನುಯಲ್ಲಿನ ಟಾರ್ಕಿಗೆ ಬಿಗಿಯಿರಿ.

ಎಣ್ಣೆ ಕುಡಿದ ಬ್ರೇಕ್ ಶೂಗಳನ್ನು ಬ್ಲೋಲ್ಯಾಂಪಿನಲ್ಲಿ ಸುಟ್ಟು ಮತ್ತೆ ಹಾಕುವ ಪದ್ಧತಿ ಇನ್ನೂ ಉಳಿದಿದೆ. ಒಳಗಿಳಿದ ಎಣ್ಣೆ ಮುಂದಿನ ಘಾಟಿ ಇಳಿಯುವಾಗ ಕಾವಿಗೆ ಮತ್ತೆ ಮೇಲೆ ಬರುತ್ತದೆ. ಎರಡೂ ಬದಿಯ ಶೂಗಳನ್ನು ಒಟ್ಟಿಗೇ ಬದಲಿಸಿ, ಡ್ರಮ್ಮನ್ನು ಬ್ರೇಕ್ ಕ್ಲೀನರಿನಲ್ಲಿ ತೊಳೆದು, ಬ್ರೇಕಿನ ಗಾಳಿ ತೆಗೆಯಿರಿ. ಪೆಡಲ್ ಗಟ್ಟಿಯಾಗದೆ ಗಾಡಿ ಅಲ್ಲಾಡಬಾರದು.

ಎಣ್ಣೆ ತುಂಬಿ ಒಂದು ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ ಬನ್ನಿ. ಬ್ಯಾಕ್ ಪ್ಲೇಟಿನ ಹಿಂಬದಿಯನ್ನು ಒಣಗಿಸಿ ಟಾಲ್ಕಂ ಪೌಡರ್ ಉದುರಿಸಿದ್ದರೆ ಒಂದು ಹನಿ ಜಿನುಗಿದರೂ ಜಾಡು ಕಾಣುತ್ತದೆ, ಎಲ್ಲಿಂದ ಹೊರಟಿತು ಎಂಬುದೂ ತಿಳಿಯುತ್ತದೆ. ಎರಡೂ ಕಡೆಯ ಹಬ್ಬಿಗೆ ಅಂಗೈ ಹತ್ತಿರ ಹಿಡಿದು ನೋಡಿ. ಒಂದು ಕಡೆ ಮಾತ್ರ ಕಾದಿದ್ದರೆ ಬೇರಿಂಗ್ ಅಥವಾ ಬ್ರೇಕ್ ಹಿಡಿದಿದೆ.

ಮುಂದಿನ ಆಕ್ಸಲ್ ಸೋರುತ್ತಿದ್ದರೆ

ಮುಂದಿನ ಚಕ್ರದ ಹಿಂದೆ ಸ್ಟೀರಿಂಗ್ ತಿರುಗಿಸಿದಾಗ ಕಾಣುವ ಉಕ್ಕಿನ ಗುಂಡು ಭಾಗದ ಮೇಲೆ ಗ್ರೀಸಿನ ತೆಳು ಪೊರೆ ಇರುವುದು ಸಹಜ, ಅದನ್ನು ಸೋರಿಕೆ ಎಂದು ಭಾವಿಸಬೇಡಿ. ಅಲ್ಲಿಂದ ಕಪ್ಪು ಗಂಜಿಯಂಥದ್ದು ಇಳಿಯುತ್ತಿದ್ದರೆ ಹೌಸಿಂಗಿನ ತುದಿಯಲ್ಲಿರುವ ಒಳಸೀಲ್ ಸೋತಿದೆ. ಗೇರ್ ಆಯಿಲ್ ನಕಲ್ಲಿನೊಳಗೆ (ಸ್ಟೀರಿಂಗ್ ಜೊತೆ ತಿರುಗುವ ಕೀಲಿನ ಗೂಡಿನೊಳಗೆ) ನುಗ್ಗಿ, ಜಾಯಿಂಟಿಗೆ ತುಂಬಿದ ಗ್ರೀಸನ್ನು ಕರಗಿಸಿ ಹೊರಗೆ ತರುತ್ತಿದೆ. ಕಣ್ಣಿಗೆ ಕಾಣುವ ಹೊರಗಿನ ವೈಪರ್ ಸೀಲನ್ನಷ್ಟೇ ಬದಲಿಸಿ ಕಳಿಸುವುದು ಇಲ್ಲಿಯ ಮಾಮೂಲಿ ತಪ್ಪು. ವೈಪರ್ ಇರುವುದು ಧೂಳು ನೀರು ತಡೆಯಲು, ಎಣ್ಣೆ ತಡೆಯಲು ಅಲ್ಲ.

ಒಳಸೀಲಿಗೆ ತಲುಪಲು ಹಬ್, ಸ್ಪಿಂಡಲ್, ಶಾಫ್ಟ್ ಎಲ್ಲವೂ ಬರಬೇಕು. ವೈಪರ್ ಬದಲಿಸಲು ನಕಲ್ಲನ್ನೂ ಕಳಚಬೇಕು. ಮುಂದಿನ ಆಕ್ಸಲಿಗೂ ತನ್ನದೇ ಬ್ರೀದರ್ ಇದೆ, ಮೊದಲು ಅದನ್ನು ನೋಡಿ. ಕಿಂಗ್‌ಪಿನ್ ಬೇರಿಂಗುಗಳಲ್ಲಿ ಆಟವಿದ್ದರೆ ಇದೇ ಸಂದರ್ಭದಲ್ಲಿ ಬದಲಿಸಿ. ಹಳೆಯ ಗ್ರೀಸನ್ನೆಲ್ಲ ತೆಗೆದು, ಜಾಯಿಂಟನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಮಾಲಿಬ್ಡಿನಮ್ ಇರುವ ಹೊಸ ಗ್ರೀಸು ತುಂಬಿ. ಶಾಫ್ಟ್ ತೂರಿಸುವಾಗ ಹಿಂದಿನ ಆಕ್ಸಲಿಗೆ ಹೇಳಿದ ಎಚ್ಚರಿಕೆಯೇ, ಇನ್ನಷ್ಟು ಬಿಗಿಯಾಗಿ: ಇಲ್ಲಿ ಜಾಯಿಂಟಿನ ಭಾರವೂ ಸೇರುವುದರಿಂದ ಶಾಫ್ಟ್ ಸುಲಭವಾಗಿ ಜೋತುಬಿದ್ದು ತುಟಿಯನ್ನು ಕೆರೆಯುತ್ತದೆ. ಕೆಲಸ ಮುಗಿದ ಮೇಲೆ ಕೆಲವು ವಾರ ಬಿಟ್ಟು ಆಕ್ಸಲಿನ ಎಣ್ಣೆಯ ಮಟ್ಟ ಮತ್ತೊಮ್ಮೆ ನೋಡಿ. ಹೊರಗೆ ಒಂದು ಹನಿಯೂ ಕಾಣದೆ ಮಟ್ಟ ಇಳಿದಿದ್ದರೆ ಎಣ್ಣೆ ಮತ್ತೆ ನಕಲ್ಲಿನೊಳಗೇ ಸೇರುತ್ತಿದೆ.